ಎರಡು ಕಾಫಿ ಬೀಜ, ನಾಲ್ಕು ಸಾಲು: ಒಂದು ಕಾರ್ಡ್ ತಕರಾರಿನ ಪ್ರಕರಣ

ಆಗಸ್ಟ್ 3, ಕೊಡವ ತಿಂಗಳು ಕಕ್ಕಡದ 18ನೇ ದಿನ. ಕೊಡಗಿನಲ್ಲಿ ಅವತ್ತು ಮದ್ದು ಸೊಪ್ಪಿನ ಪಾಯಸ ತಪ್ಪುವುದಿಲ್ಲ. ಶಾಂತಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಬೆಳಗ್ಗೆಯೇ ಸೊಪ್ಪು ಬೇಯಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದ್ದರು. ಹೊರಗೆ ಮಳೆ. ಕರೆಂಟು ಹೋಗಿ ಎರಡನೇ ದಿನ. ಫೋನುಗಳು ಒಂದೊಂದಾಗಿ ಸತ್ತಿದ್ದವು. ಹಾಗಾಗಿ ಅಕ್ಕನ ಮಗ ಬೆಂಗಳೂರಿನಿಂದ ತಂದಿದ್ದ ಕಾರ್ಡಿನ ಡಬ್ಬ ಹೊರಗೆ ಬಂತು.

ಆ ಮಧ್ಯಾಹ್ನ ಒಂದೇ ಒಂದು ಕಾರ್ಡಿಗಾಗಿ ಮುಕ್ಕಾಲು ಗಂಟೆ ಆಟ ನಿಂತಿತು. ಅಂಪೈರ್ ನಾನು. ಆ ಮುಕ್ಕಾಲು ಗಂಟೆಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. "ಇದನ್ನು ಮಾಡು, ಇಲ್ಲ ಅದನ್ನು ಮಾಡು" ಅನ್ನುವ ಕಾರ್ಡುಗಳು ಎಲ್ಲರಿಗೂ ಇಷ್ಟ. ಆದರೆ ಆರಿಸುವವರು ಯಾರು, ಯಾವಾಗ ಆರಿಸಬೇಕು ಅನ್ನುವುದನ್ನು ಗಮನವಿಟ್ಟು ಓದುವವರು ಕಮ್ಮಿ. ನಾನೂ ಓದಿರಲಿಲ್ಲ ಅನ್ನಿ.

ಮೇಜಿನ ಮೇಲೆ ಇದ್ದದ್ದು

ಆಟ ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಕಟ್ಟಿದ್ದು. 1993ರಲ್ಲಿ ಅಮೆರಿಕದ ವಿಝಾರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಹೊರತಂದಿತು. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟಲ್ಲ. ಒಬ್ಬೊಬ್ಬರು ತಮ್ಮದೇ 60 ಕಾರ್ಡಿನ ಡೆಕ್ ಕಟ್ಟಿಕೊಂಡು ಬರುತ್ತಾರೆ. ತಲಾ 20 ಲೈಫ್. ಲ್ಯಾಂಡ್ ಕಾರ್ಡುಗಳಿಂದ ಮಾನಾ ಸಿಗುತ್ತದೆ, ಅದನ್ನು ಖರ್ಚು ಮಾಡಿ ಪ್ರಾಣಿಗಳನ್ನೋ ಮಂತ್ರಗಳನ್ನೋ ಇಳಿಸಬೇಕು. ಲೈಫ್ ಸೊನ್ನೆಗೆ ಬಂದರೆ ಸೋತ ಹಾಗೆ. ಲೈಫ್ ಎಣಿಸಲು ನಮ್ಮಲ್ಲಿ ಬೇರೇನೂ ಇರಲಿಲ್ಲ, ಬಟ್ಟಲಲ್ಲಿ ಒಣಗಿದ ರೊಬಸ್ಟಾ ಬೀಜ ಇಟ್ಟುಕೊಂಡಿದ್ದೆವು.

ಒಂದು ಕಡೆ ಅಕ್ಕನ ಮಗ, ಪಿಯುಸಿ ಹುಡುಗ. ಕೆಂಪು-ಕಪ್ಪು ಡೆಕ್. ಇನ್ನೊಂದು ಕಡೆ ಪಕ್ಕದ ತೋಟದ ಹುಡುಗಿ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಮಳೆಗೆ ರಸ್ತೆ ಮೇಲೆ ಮರ ಬಿದ್ದು ಊರಲ್ಲೇ ಉಳಿದಿದ್ದಳು. ಅವಳದು ಹಸಿರು ಡೆಕ್. ಜಗಲಿಯಲ್ಲಿ ಅಪ್ಪ ಕೂತು ನೋಡುತ್ತಿದ್ದರು. ಅವರಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಆದರೆ ಇಪ್ಪತ್ತೆಂಟು ಅನ್ನುವ ಇಸ್ಪೀಟಾಟದಲ್ಲಿ ಪಳಗಿದ ಕೈ.

ತಕರಾರು ಶುರುವಾದಾಗ ಲೆಕ್ಕ ಹೀಗಿತ್ತು. ಹುಡುಗನಿಗೆ 6 ಲೈಫ್, ನಾಲ್ಕು ಲ್ಯಾಂಡ್, ಮುಂದೆ ಒಂದೂ ಪ್ರಾಣಿ ಇಲ್ಲ. ಹುಡುಗಿಗೆ 4 ಲೈಫ್. ಅವಳ ಹತ್ತಿರ ಒಂದು ಗ್ರಿಜ್ಲಿ ಬೇರ್ಸ್, ಅಂದರೆ 2 ಹೊಡೆತ, 2 ತಾಳಿಕೆಯ ಕರಡಿ. ಅದರ ಕೈಯಲ್ಲಿ ಬೋನ್‌ಸ್ಪ್ಲಿಟರ್ ಅನ್ನುವ ಕೊಡಲಿ. ಕೊಡಲಿ ಇದ್ದರೆ ಹೊಡೆತ 2 ಜಾಸ್ತಿ. ಹಾಗಾಗಿ ಕರಡಿ 4/2. ಪಕ್ಕದಲ್ಲಿ ಲ್ಯಾನೋವರ್ ಎಲ್ವ್ಸ್, 1/1. ಎಲ್ಫ್ ಮನೆಯಲ್ಲೇ ಉಳಿಯಿತು, ಕರಡಿ ದಾಳಿಗೆ ಹೊರಟಿತು. ಹುಡುಗಿಯ ಹತ್ತಿರ ಬಳಸದ ಲ್ಯಾಂಡ್ ಒಂದೇ ಒಂದು ಉಳಿದಿತ್ತು, ಒಂದು ಫಾರೆಸ್ಟ್.

ಹುಡುಗ ಮಾನಾ ತೆಗೆಯಲು ಮೂರು ಲ್ಯಾಂಡ್ ಅಡ್ಡ ತಿರುಗಿಸಿದ. ಕಾರ್ಡನ್ನು ಟಪ್ ಅಂತ ಮೇಜಿಗೆ ಬಡಿದ. "ಕಮಾಂಡ್!" ಅಂದ. ಅಷ್ಟೇ. ಇನ್ನೊಂದು ಮಾತಿಲ್ಲ.

ಆ ಕಾರ್ಡು ಕೊಲಾಗನ್ಸ್ ಕಮಾಂಡ್. 2015ರ ಡ್ರ್ಯಾಗನ್ಸ್ ಆಫ್ ತಾರ್ಕಿರ್ ಸೆಟ್ಟಿನದು. ಅದರಲ್ಲಿ ನಾಲ್ಕು ಸಾಲು ಇವೆ, ಮೇಲೆ "ಎರಡು ಆರಿಸು" ಅಂತ ಬರೆದಿದೆ. ನಿನ್ನ ಸ್ಮಶಾನದಿಂದ, ಅಂದರೆ ಬಳಸಿ ಮುಗಿದ ಕಾರ್ಡುಗಳ ರಾಶಿಯಿಂದ, ಒಂದು ಪ್ರಾಣಿ ಕಾರ್ಡು ಕೈಗೆ ತಗೋ. ಒಬ್ಬ ಆಟಗಾರ ಕೈಯಿಂದ ಒಂದು ಕಾರ್ಡು ಬಿಸಾಡಲಿ. ಒಂದು ಆರ್ಟಿಫ್ಯಾಕ್ಟ್, ಅಂದರೆ ಆ ಕೊಡಲಿಯಂಥ ವಸ್ತು, ಒಡೆದು ಹಾಕು. ಪ್ರಾಣಿಗೋ ಆಟಗಾರನಿಗೋ 2 ಡ್ಯಾಮೇಜ್ ಮಾಡು. ನಾಲ್ಕರಲ್ಲಿ ಎರಡು ಅಂದರೆ ಒಟ್ಟು ಆರು ಜೋಡಿ. ಮೂರು ಮಾನಾಕ್ಕೆ ಆರು ಬೇರೆ ಬೇರೆ ಕಾರ್ಡು ಕೈಯಲ್ಲಿದ್ದಂತೆ. ಈ ಕಾರ್ಡಿನ ಮೇಲೆ ಆಟಗಾರರಿಗೆ ಇಷ್ಟೊಂದು ಪ್ರೀತಿ ಇರುವುದು ಸುಮ್ನೆ ಅಲ್ಲ.

ಹುಡುಗಿ ಕರಡಿ ನೋಡಿದಳು, ಕೊಡಲಿ ನೋಡಿದಳು. ಇವನು ಕೊಡಲಿ ಒಡೆದು ಕರಡಿ ಕೊಲ್ಲುತ್ತಾನೆ, ಇನ್ನೇನು ಮಾಡ್ತಾನೆ ಅಂದುಕೊಂಡಳು. ಕೊನೆಯ ಫಾರೆಸ್ಟ್ ತಿರುಗಿಸಿ ಜೈಂಟ್ ಗ್ರೋತ್ ಹಾಕಿದಳು. ಆ ಸರದಿ ಮುಗಿಯುವ ತನಕ ಕರಡಿಗೆ 3/3 ಜಾಸ್ತಿ. ಈಗ 2 ಡ್ಯಾಮೇಜಿಗೆಲ್ಲ ಕರಡಿ ಸಾಯುವುದಿಲ್ಲ.

ಹುಡುಗ ಒಂದು ಕ್ಷಣ ತಡೆದ. ಆಮೇಲೆ ಮೆಲ್ಲಗೆ ಹೇಳಿದ: "ಸರಿ ಅಕ್ಕ. ಹಾಗಿದ್ರೆ ಕೊಡಲಿ ಒಡೀತು. ಆ ಎರಡು ಡ್ಯಾಮೇಜ್ ನಿಂಗೆ."

"ಏನಂದೆ?"

ತಕರಾರು

ಅವಳ ಮಾತು ಸರಳ. ಆ ಎರಡು ಡ್ಯಾಮೇಜ್ ನನಗೇ ಅಂತ ಮೊದಲೇ ಅಂದಿದ್ದರೆ ಗ್ರೋತ್ ಯಾಕೆ ಹಾಕ್ತಿದ್ದೆ? ಇವನ ಮಾತೂ ಬರೀ ಹಟವಲ್ಲ. ಕಾರ್ಡು ಕೆಲಸ ಮಾಡುವಾಗ ತಾನೇ ಆರಿಸುವುದು, ಈಗಷ್ಟೇ ಆ ಗಳಿಗೆ ಬಂತು, ಆರಿಸಿದೆ. ಮೇಲಾಗಿ ಅವನ ಹತ್ತಿರ ಸಾಕ್ಷಿಯೂ ಇತ್ತು. "ಮಾವ, ಬೆಳಗ್ಗೆ ಬ್ರೌಬೀಟ್ ಹಾಕಿದಾಗ ಅಕ್ಕ ಕೊನೇಲೇ ಅಲ್ವಾ ಆರಿಸಿದ್ದು? ಆಗ ನೀವೇನೂ ಅನ್ಲಿಲ್ಲ."

ಬೆಳಗ್ಗೆ ನಿಜಕ್ಕೂ ಹಾಗೇ ಆಗಿತ್ತು. ನಾನು ತಡವರಿಸಿದೆ.

ಬ್ರೌಬೀಟ್ 2002ರ ಜಡ್ಜ್‌ಮೆಂಟ್ ಸೆಟ್ಟಿನ ಕಾರ್ಡು. ಇದೂ ಮೂರು ಮಾನಾ. ಯಾರಾದರೂ ಒಬ್ಬ ಆಟಗಾರ 5 ಡ್ಯಾಮೇಜ್ ತಿನ್ನಲು ಒಪ್ಪಬಹುದು. ಯಾರೂ ಒಪ್ಪದಿದ್ದರೆ ಮೂರು ಕಾರ್ಡು ಎಳೆದುಕೊಳ್ಳಬಹುದು. ಓದಿದರೆ ಬಾಯಲ್ಲಿ ನೀರು ಬರುತ್ತದೆ. ಮೂರು ಮಾನಾಕ್ಕೆ 5 ಡ್ಯಾಮೇಜೂ ಒಳ್ಳೇದೇ, ಮೂರು ಕಾರ್ಡೂ ಒಳ್ಳೇದೇ. ನಮ್ಮ ಹುಡುಗ ಅದನ್ನೇ ಲೆಕ್ಕ ಹಾಕಿ ನಾಲ್ಕು ತುಂಬಿಸಿಕೊಂಡಿದ್ದ. "ಯಾವ್ದು ಬಂದ್ರೂ ನಂಗೇ ಲಾಭ" ಅನ್ನುತ್ತಿದ್ದ.

ಆದರೆ ಬೆಳಗ್ಗೆ ಆದದ್ದೇನು? ಹುಡುಗಿಗೆ 20 ಲೈಫ್ ಇದ್ದಾಗ ಬ್ರೌಬೀಟ್ ಬಿತ್ತು. ಹುಡುಗನ ಕೈಯಲ್ಲಿ ಇದ್ದದ್ದು ಅದೊಂದೇ ಕಾರ್ಡು, ಬೇಕಾಗಿದ್ದದ್ದು ಕಾರ್ಡುಗಳು. ಅವಳು ಬಟ್ಟಲಿನಿಂದ ಐದು ಬೀಜ ಎತ್ತಿ ಪಕ್ಕಕ್ಕಿಟ್ಟಳು. "ತಗೋ, ಐದು." ಯೋಚನೆ ಕೂಡ ಮಾಡಲಿಲ್ಲ. 15 ಲೈಫಿನಲ್ಲಿ ಅವಳಿಗೆ ಏನೂ ಆಗಬೇಕಿರಲಿಲ್ಲ. ಅವನ ಕೈ ಹಾಗೇ ಖಾಲಿ.

ಈ ಎರಡು ಕಾರ್ಡುಗಳು ನೋಡಲು ಅಣ್ಣತಮ್ಮಂದಿರ ಹಾಗಿವೆ. ಎರಡೂ ಕೆಂಪು, ಎರಡಕ್ಕೂ ಮೂರು ಮಾನಾ, ಎರಡರಲ್ಲೂ ಆಯ್ಕೆ. ನಿಜವಾಗಿ ಒಂದಕ್ಕೊಂದು ಸಂಬಂಧವೇ ಇಲ್ಲ. ಕಮಾಂಡಿನಲ್ಲಿ ಆರಿಸುವವನು ಕಾರ್ಡು ಹಾಕಿದವನು. ಬ್ರೌಬೀಟಿನಲ್ಲಿ ಆರಿಸುವವರು ಎದುರಿನವರು. ಕಮಾಂಡ್ ಹಾಕಿದವನಿಗೆ ಆರು ಜೋಡಿಯಲ್ಲಿ ಆ ಹೊತ್ತಿಗೆ ಒಳ್ಳೆಯದು ಯಾವುದೋ ಅದು ಸಿಗುತ್ತದೆ. ಬ್ರೌಬೀಟ್ ಹಾಕಿದವನಿಗೆ ಎರಡರಲ್ಲಿ ಕೆಟ್ಟದ್ದು ಸಿಗುತ್ತದೆ, ಎದುರಿನವರು ಆಟ ಬಲ್ಲವರಾಗಿದ್ದರೆ ಪ್ರತಿ ಸಲವೂ.

ಇದನ್ನು ಅಪ್ಪ ನನಗಿಂತ ಬೇಗ ಹಿಡಿದರು. "ಏನೋ ಅದು, ಐದೋ ಮೂರೋ?" ಅಂತ ಕೇಳಿದರು. ಹೇಳಿದೆ. ಅವರು ನಕ್ಕರು. "ಕಾಫಿ ತಗೊಂಡು ಹೋಗಿ ವ್ಯಾಪಾರಿ ಗೋಡೌನಿಗೆ ಹಾಕ್ತೀವಿ. ಯಾವತ್ತಿನ ರೇಟಿಗೆ ಫಿಕ್ಸ್ ಮಾಡೋದು ಅಂತ ನಾನು ಹೇಳೋದಾದ್ರೆ ನನ್ಗೆ ಒಳ್ಳೇದು. ಅದನ್ನೂ ಅವ್ನೇ ಹೇಳ್ತೀನಿ ಅಂದ್ರೆ?" ಅಂದು ಪಾಯಸದ ಲೋಟ ಎತ್ತಿಕೊಂಡರು. ಹುಡುಗ ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

ಇಲ್ಲಿ ಒಂದು ಹಳೇ ಸಂಗತಿ ಹೇಳಬೇಕು. ಮ್ಯಾಜಿಕ್‌ನ ಮೊದಲ ಸೆಟ್ಟಿನಲ್ಲೇ ಐದು ಬಣ್ಣಕ್ಕೆ ಐದು ಕಾರ್ಡು ಒಂದೇ ಅಚ್ಚಿನಲ್ಲಿ ಬಂದವು. ಎಲ್ಲಕ್ಕೂ ಒಂದು ಮಾನಾ, ಎಲ್ಲದರಲ್ಲೂ ಮೂರರ ಲೆಕ್ಕ. ಆನ್ಸೆಸ್ಟ್ರಲ್ ರೀಕಾಲ್ ಮೂರು ಕಾರ್ಡು ಕೊಡುತ್ತದೆ. ಲೈಟ್ನಿಂಗ್ ಬೋಲ್ಟ್ ಮೂರು ಡ್ಯಾಮೇಜ್. ಡಾರ್ಕ್ ರಿಚುಯಲ್ ಮೂರು ಕಪ್ಪು ಮಾನಾ. ಜೈಂಟ್ ಗ್ರೋತ್ ಮೂರು-ಮೂರು ಬಲ. ಐದನೆಯದು ಹೀಲಿಂಗ್ ಸಾಲ್ವ್: ಒಂದೋ ಮೂರು ಲೈಫ್ ತಗೋ, ಇಲ್ಲ ಮೂರು ಡ್ಯಾಮೇಜ್ ತಡಿ. ಐದರಲ್ಲಿ ಆಯ್ಕೆ ಇದ್ದದ್ದು ಇದೊಂದಕ್ಕೇ. ಐದರಲ್ಲಿ ಸಪ್ಪೆಯಾದದ್ದೂ ಇದೊಂದೇ. ರೀಕಾಲ್ ಆಟದ ಚರಿತ್ರೆಯಲ್ಲೇ ಅತಿ ಬಲದ ಕಾರ್ಡುಗಳ ಸಾಲಿಗೆ ಸೇರಿತು. ಸಾಲ್ವನ್ನು ಡೆಕ್ಕಿಗೆ ಹಾಕಿಕೊಂಡವರನ್ನು ಕಂಡರೆ ಇವತ್ತಿಗೂ ಪಾಪ ಅನಿಸುತ್ತದೆ. ಅದರ ಎರಡು ಸಾಲುಗಳೂ ಒಂದೇ ಥರದ ಕೆಲಸ ಮಾಡುತ್ತವಲ್ಲ. ಅಕ್ಕಿ ರೊಟ್ಟಿ ಬೇಕಾ, ಇಲ್ಲ ಸ್ವಲ್ಪ ಮಂದ ಇರುವ ಅಕ್ಕಿ ರೊಟ್ಟಿ ಬೇಕಾ ಅಂದ ಹಾಗೆ. ಕಮಾಂಡಿನ ನಾಲ್ಕು ಸಾಲು ನಾಲ್ಕು ದಿಕ್ಕಿಗೆ ನೋಡುತ್ತವೆ. ಅದರ ಬೆಲೆ ಇರುವುದು ಅಲ್ಲಿ.

ತೀರ್ಪು, ಮತ್ತು ತೀರ್ಪಿನ ಸಮಸ್ಯೆ

ಮ್ಯಾಜಿಕ್‌ನಲ್ಲಿ ಒಬ್ಬರು ಹಾಕಿದ ಮಂತ್ರ ತಕ್ಷಣ ಕೆಲಸ ಮಾಡುವುದಿಲ್ಲ. ತಟ್ಟೆ ಮೇಲೆ ತಟ್ಟೆ ಇಟ್ಟ ಹಾಗೆ ಕಾಯುತ್ತದೆ. ಅದರ ಮೇಲೆ ಇನ್ನೊಬ್ಬರು ತಮ್ಮದನ್ನು ಇಡಬಹುದು. ಆಮೇಲೆ ಮೇಲಿನ ತಟ್ಟೆಯಿಂದ ಒಂದೊಂದೇ ಇಳಿಯುತ್ತವೆ. ಅಂದರೆ ಒಂದು ಕಾರ್ಡಿಗೆ ಎರಡು ಗಳಿಗೆಗಳಿವೆ: ಇಡುವ ಗಳಿಗೆ, ಇಳಿಯುವ ಗಳಿಗೆ. ನಮ್ಮ ಜಗಳ ಪೂರ್ತಿ ಇದೇ.

ಕರೆಂಟು ಬಂದ ಮೇಲೆ ನಿಯಮಗಳ ಪುಸ್ತಕ ತೆಗೆದು ನೋಡಿದೆ. 601.2ನೇ ನಿಯಮದಲ್ಲಿ ಮಂತ್ರ ಹಾಕುವ ಕ್ರಮ ಒಂದೊಂದೇ ಮೆಟ್ಟಿಲಾಗಿ ಇದೆ. ಕಾರ್ಡು ಇಡು. ಆಯ್ಕೆ ಇದ್ದರೆ ಯಾವುದು ಅಂತ ಹೇಳು. ಆಮೇಲೆ ಗುರಿ ತೋರಿಸು. ದುಡ್ಡು ಕಟ್ಟುವುದು, ಅಂದರೆ ಮಾನಾ, ಇವೆಲ್ಲ ಆದ ಮೇಲೆ. 700.2 ಇನ್ನೂ ನೇರ: "ಇಷ್ಟರಲ್ಲಿ ಇಷ್ಟು ಆರಿಸು" ಅನ್ನುವ ಮಂತ್ರದಲ್ಲಿ ಆಯ್ಕೆ ಆಗಬೇಕಾದ್ದು ಹಾಕುವಾಗಲೇ. ಒಂದೇ ಸಾಲನ್ನು ಎರಡು ಸಲ ಆರಿಸುವ ಹಾಗಿಲ್ಲ. ಗುರಿಯೇ ಇಲ್ಲದ ಸಾಲನ್ನು ಆರಿಸುವ ಹಾಗಿಲ್ಲ. ಮಧ್ಯದಲ್ಲಿ ಒಂದು ಗುರಿ ಕೈತಪ್ಪಿದರೆ ಉಳಿದದ್ದು ನಡೆಯುತ್ತದೆ, ಎರಡೂ ತಪ್ಪಿದರೆ ಕಾರ್ಡು ಠುಸ್. ಆದರೆ ಗುರಿ ತಪ್ಪಿತು ಅಂತ ಬೇರೆ ಸಾಲಿಗೆ ಹಾರುವುದು ಇಲ್ಲವೇ ಇಲ್ಲ.

ಬ್ರೌಬೀಟ್‌ನಲ್ಲಿ "ಆರಿಸು" ಅನ್ನುವ ಪದವೇ ಇಲ್ಲ. "ಒಪ್ಪಬಹುದು" ಅಂತಿದೆ. ಅದು ಕಾರ್ಡು ಇಳಿಯುವಾಗ ಕೇಳುವ ಪ್ರಶ್ನೆ. ಹಾಗಾಗಿ ಹುಡುಗಿ ಬೆಳಗ್ಗೆ ಕೊನೆಯಲ್ಲಿ ಉತ್ತರ ಕೊಟ್ಟದ್ದು ಸರಿ. ಹುಡುಗ ಅದೇ ಅಳತೆಯನ್ನು ಕಮಾಂಡಿಗೆ ಹಿಡಿದದ್ದು ತಪ್ಪು. ಫೋನಿನಲ್ಲಿ ಅರೀನಾ, ಅಂದರೆ ಇದೇ ಆಟದ ಆ್ಯಪ್, ಆಡುವವರಿಗೆ ಈ ಜಗಳ ಬರುವುದೇ ಇಲ್ಲ. ಅಲ್ಲಿ ಸಾಲು ಒತ್ತದೆ ಕಾರ್ಡು ಮುಂದಕ್ಕೇ ಹೋಗದು. ಕರೆಂಟಿಲ್ಲದ ಮನೆಯಲ್ಲಿ ಆ ಕೆಲಸ ಮಾಡಬೇಕಾದದ್ದು ಬಾಯಿ.

ಅವತ್ತು ಪುಸ್ತಕ ಕೈಯಲ್ಲಿರಲಿಲ್ಲ. ಆದರೂ ಹುಡುಗಿ ಹೇಳುವುದೇ ಸರಿ ಅಂತ ನನಗೆ ಅನಿಸಿತು. "ಹಿಂದಕ್ಕೆ ಹೋಗೋಣ. ಗ್ರೋತ್ ವಾಪಸ್ ಕೈಗೆ ತಗೋಮ್ಮ. ನೀನು ಕಮಾಂಡ್ ಮೊದಲಿಂದ ಹಾಕು, ಬಾಯಿ ಬಿಟ್ಟು ಹೇಳು" ಅಂದೆ. ಜಾಣ ತೀರ್ಪು ಕೊಟ್ಟೆ ಅಂದುಕೊಂಡೆ.

ಅವಳು ನನ್ನನ್ನೇ ನೋಡಿದಳು. "ಅಂಕಲ್, ನನ್ ಹತ್ರ ಗ್ರೋತ್ ಇದೆ ಅಂತ ಈಗ ಊರಿಗೆಲ್ಲ ಗೊತ್ತಾಯ್ತಲ್ಲ."

ಹೌದಲ್ಲ! ಕಾರ್ಡು ವಾಪಸ್ ಹೋಗುತ್ತದೆ. ನೋಡಿದ ಕಣ್ಣು ವಾಪಸ್ ಹೋಗುವುದಿಲ್ಲ. ಹಿಂದಕ್ಕೆ ತಿರುಗಿಸಿದರೆ ಹುಡುಗ ಈಗ ಕಣ್ಣು ಮುಚ್ಚಿಕೊಂಡು ಅವಳ ಮುಖಕ್ಕೇ 2 ಹೊಡೆಯುತ್ತಾನೆ. ಅವನು ತಪ್ಪು ಮಾಡಿ ಪಡೆಯಲು ಹೊರಟಿದ್ದನ್ನೇ ನಾನು ತೀರ್ಪಿನ ಹೆಸರಲ್ಲಿ ಕೊಟ್ಟ ಹಾಗಾಗುತ್ತಿತ್ತು. ಹಾಗಂತ ಕಮಾಂಡ್ ಸುಟ್ಟುಹೋಯಿತು ಅಂದರೆ ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಅದು ಜಾಸ್ತಿ ದಂಡ. ಟೂರ್ನಮೆಂಟಿನಲ್ಲಾದರೆ ಕೈ ಎತ್ತಿ ಜಡ್ಜ್ ಕರೆಯಬಹುದು, ತಲೆನೋವು ಅವರದು. ಇಲ್ಲಿ ಜಡ್ಜ್ ಅಂದರೆ ನಾನು, ನನ್ನ ಪಾಯಸ ಆರುತ್ತಿತ್ತು.

ಹುಡುಗಿಯದು ತಪ್ಪೇ ಇಲ್ಲವಾ ಅಂದರೆ, ಸ್ವಲ್ಪ ಇದೆ. "ಯಾವ ಎರಡು?" ಅಂತ ಒಂದು ಮಾತು ಕೇಳಬೇಕಿತ್ತು. ಊಹೆ ಮಾಡಿ ಕಾರ್ಡು ಹಾಕಿದಳು. ನನ್ನದೂ ಇದೆ. "ಕಮಾಂಡ್" ಅಂದಾಗ ನಾನೂ ಅಲ್ಲೇ ಇದ್ದೆ. ಅವನು ಸಾಲು ಹೇಳಲಿಲ್ಲ ಅಂತ ನನಗೂ ಹೊಳೆಯಲಿಲ್ಲ, ಯಾಕಂದರೆ ನಾನೂ ಮನಸ್ಸಿನಲ್ಲೇ ಕರಡಿ ಸತ್ತಿತು ಅಂತ ಲೆಕ್ಕ ಹಾಕಿಬಿಟ್ಟಿದ್ದೆ.

ಆಗ ಹುಡುಗ ಹೊಸ ವಾದ ತೆಗೆದ. "ನಾನು ಮನಸ್ಸಲ್ಲಿ ಮೊದಲೇ ಆರಿಸಿದ್ದೆ. ಹೇಳಿರಲಿಲ್ಲ ಅಷ್ಟೇ."

ಜಗಲಿಯಿಂದ ಅಪ್ಪನ ದನಿ ಬಂತು. "ಏಯ್, ತುರುಫು ಕವುಚಿಡದೇ ಆಮೇಲೆ ಹೇಳ್ತಾರೇನೋ?"

ಇಪ್ಪತ್ತೆಂಟು ಗೊತ್ತಿಲ್ಲದವರಿಗೆ ಒಂದು ಮಾತು. ಕೇರಳದ ಕಡೆಯ ಇಸ್ಪೀಟಾಟ ಅದು. 32 ಎಲೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಒಟ್ಟು 28, ಅದೇ ಹೆಸರು. ಮೊದಲು ನಾಲ್ಕು ಎಲೆ ಹಂಚುತ್ತಾರೆ, ಅಷ್ಟನ್ನೇ ನೋಡಿ ಕೂಗಬೇಕು. ಜಾಸ್ತಿ ಕೂಗಿದವನು ತುರುಫು ಯಾವುದು ಅಂತ ನಿರ್ಧರಿಸಿ, ಆ ಬಣ್ಣದ ಒಂದು ಎಲೆಯನ್ನು ಕವುಚಿ ಮುಂದೆ ಇಡುತ್ತಾನೆ. ಯಾರಿಗೂ ಹೇಳುವುದಿಲ್ಲ. ಆದರೆ ಇಟ್ಟಾಯ್ತು. ಮಿಕ್ಕ ನಾಲ್ಕು ಎಲೆ ಬಂದ ಮೇಲೆ "ಅಯ್ಯೋ, ಕಳಾವರ್ ಇಡಬೇಕಿತ್ತು" ಅಂದರೆ ಪಕ್ಕದವರು ಸುಮ್ಮನೆ ಬಿಡುವುದಿಲ್ಲ. ಅಪ್ಪ ಹೇಳಿದ್ದು ಅದನ್ನೇ. ಗುಟ್ಟಾಗಿ ಆರಿಸಬಹುದು, ತೊಂದರೆಯಿಲ್ಲ. ಆದರೆ ಆರಿಸಿದ್ದಕ್ಕೆ ಮೇಜಿನ ಮೇಲೆ ಗುರುತು ಇರಬೇಕು. ಮ್ಯಾಜಿಕ್‌ನಲ್ಲಿ ಆ ಗುಟ್ಟೂ ಇಲ್ಲ, ಗಟ್ಟಿಯಾಗಿ ಹೇಳಬೇಕು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೆಂಚಿನ ಮೇಲೆ ಮಳೆ ಸದ್ದು ಒಂದೇ. ನಾನು ಹುಡುಗನನ್ನು ಕೇಳಿದೆ. "ಕಾರ್ಡು ಬಡಿದಾಗ ನಿನ್ನ ಮನಸ್ಸಲ್ಲಿ ಏನಿತ್ತು? ನಿಜ ಹೇಳು."

ಅವನು ಚಮಚದಲ್ಲಿ ಪಾಯಸ ಕಲಕುತ್ತಾ ಕೂತ. ಆಮೇಲೆ, "ಕರಡಿ" ಅಂದ. "ಕೊಡಲಿ ಒಡೆದು ಕರಡಿಗೆ ಎರಡು."

"ಹಾಗಿದ್ರೆ ಅದೇ."

ಆಮೇಲೆ ಆದದ್ದು

ಗ್ರೋತ್ ಮೇಲಿತ್ತು, ಅದು ಮೊದಲು ಇಳಿಯಿತು. ಆಮೇಲೆ ಕಮಾಂಡ್, ಕಾರ್ಡಿನಲ್ಲಿ ಬರೆದ ಕ್ರಮದಲ್ಲೇ: ಮೊದಲು ಕೊಡಲಿ ಒಡೆಯಿತು, ನಂತರ ಕರಡಿಗೆ 2. ಕರಡಿ ಆಗ 5/5, ಅದಕ್ಕೇನೂ ಆಗಲಿಲ್ಲ. ಹುಡುಗನಿಗೆ 5 ಏಟು. ಬಟ್ಟಲಲ್ಲಿ ಒಂದೇ ಬೀಜ ಉಳಿಯಿತು.

ಅವನ ಸರದಿ. ಎಳೆದದ್ದು ಬ್ರೌಬೀಟ್. ಹುಡುಗಿಗೆ 4 ಲೈಫ್. ಈಗ ಅವನಿಗೆ ಬೇಕಾದದ್ದು ಡ್ಯಾಮೇಜ್. ಬೆಳಗ್ಗೆ ಕಾರ್ಡು ಬೇಕಾದಾಗ ಡ್ಯಾಮೇಜ್ ಕೊಟ್ಟಿದ್ದ ಅದೇ ಹುಡುಗಿ ಈಗ ನಗುತ್ತಾ, "ಎಳ್ಕೋ, ಮೂರು ಎಳ್ಕೋ" ಅಂದಳು. ಎಳೆದ. ಒಂದು ಸ್ವಾಂಪ್ ಲ್ಯಾಂಡ್, ಐದು ಮಾನಾದ ಒಂದು ಪ್ರಾಣಿ, ಒಂದು ಲೈಟ್ನಿಂಗ್ ಬೋಲ್ಟ್.

ಬೋಲ್ಟ್ 3. ಅವಳ ಲೈಫ್ 4. ಅವನು ಬೋಲ್ಟನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತ. ಆ ಎರಡು ಡ್ಯಾಮೇಜ್ ಅವಳ ಮುಖಕ್ಕೆ ಹೋಗಿದ್ದಿದ್ದರೆ ಈಗ ಅವಳಿಗೆ 2 ಇರುತ್ತಿತ್ತು. ಅವನಿಗೂ ಗೊತ್ತು, ನನಗೂ ಗೊತ್ತು, ಅವಳಿಗೂ ಗೊತ್ತಾಗಿತ್ತು. ಕರಡಿಗೆ ಬೋಲ್ಟ್ ಹಾಕಿದ. ಮುಂದಿನ ಸರದಿಯಲ್ಲಿ ಎಲ್ಫ್ ಬಂದು ಆ ಕೊನೆಯ ಬೀಜ ತಗೊಂಡು ಹೋಯಿತು.

ಅವನು ಅಳಲಿಲ್ಲ, ಆದರೆ ಎದ್ದು ಹೋಗಿ ಅರ್ಧ ಗಂಟೆ ಕಣದ ಶೆಡ್ಡಿನಲ್ಲಿ ನಿಂತಿದ್ದ. ಆಮೇಲೆ ಬಂದು ಇನ್ನೊಂದು ಆಟಕ್ಕೆ ಕೂತ.

ಆ ಆಟದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಯೋಚನೆ ಹುಡುಗಿಯದು. "ಆರಿಸು" ಅನ್ನುವ ಕಾರ್ಡು ಹಾಕಿದರೆ, ಆರಿಸಿದ ಸಾಲಿನ ಮೇಲೆ ಒಂದೊಂದು ಕಾಫಿ ಬೀಜ ಇಡಬೇಕು. ಬೀಜ ಬಿದ್ದ ಮೇಲೇ ಎದುರಿನವರು ಉತ್ತರ ಕೊಡುವುದು. ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಇದೆ, ಕೊಳೆಯಾಗುವುದಿಲ್ಲ. ಸಾಲುಗಳು ಸಣ್ಣವು, ರೊಬಸ್ಟಾ ಬೀಜ ಗುಂಡಗೆ, ಒಂದೊಂದು ಸಲ ಉರುಳಿ ಪಕ್ಕದ ಸಾಲಿಗೆ ಹೋಗುತ್ತದೆ, ಅದಕ್ಕೂ ಒಂದು ಸುತ್ತು ವಾದ ಆಗಿದೆ. ಆಮೇಲೆ ಚಪ್ಪಟೆ ಬೀಜ ಆರಿಸಿ ಬೇರೆ ಡಬ್ಬಿಗೆ ಹಾಕಿಟ್ಟೆವು.

ಬ್ರೌಬೀಟ್‌ನಂಥ ಕಾರ್ಡಿಗೆ ಬೀಜ ಇಡುವ ಹಾಗಿಲ್ಲ, ಅದು ಎದುರಿನವರ ಬಾಯಿಗೆ ಬಿಟ್ಟದ್ದು. ಹಾಗೆ ನೋಡಿದರೆ ಎದುರಿನವರಿಗೆ ಕೆಲಸ ಕೊಡುವ ಕಾರ್ಡುಗಳೆಲ್ಲ ಕೆಟ್ಟವೇನಲ್ಲ. 2000ದ ಇನ್ವೇಶನ್ ಸೆಟ್ಟಿನಲ್ಲಿ ಫ್ಯಾಕ್ಟ್ ಆರ್ ಫಿಕ್ಷನ್ ಅಂತ ಒಂದಿದೆ. ಐದು ಕಾರ್ಡು ತೆರೆದಿಡಬೇಕು, ಎದುರಿನವರು ಅದನ್ನು ಎರಡು ಪಾಲು ಮಾಡಬೇಕು, ಯಾವ ಪಾಲು ಕೈಗೆ ಅಂತ ಹೇಳುವುದು ನಾವು. ಮಿಕ್ಕ ಪಾಲು ನಮ್ಮ ಸ್ಮಶಾನಕ್ಕೆ. ಅಣ್ಣತಮ್ಮಂದಿರ ಪಾಲಿನಲ್ಲಿ ಗೆರೆ ಎಳೆಯುವವನು ಒಬ್ಬ, ಮೊದಲು ತೆಗೆದುಕೊಳ್ಳುವವನು ಇನ್ನೊಬ್ಬ ಅನ್ನುವ ಹಾಗೆ. ಕೊನೆಯ ಮಾತು ನಮ್ಮದೇ ಆದ್ದರಿಂದ ಅದು ಭಾರೀ ಕಾರ್ಡು. ಹುಡುಗನ ಹತ್ತಿರ ಅದಿಲ್ಲ, ನೀಲಿ ಬಣ್ಣದ್ದು.

ಅವನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಡೆಕ್ ಬಿಚ್ಚಿ ಕೂತಿದ್ದ. ನಾಲ್ಕು ಬ್ರೌಬೀಟ್‌ನಲ್ಲಿ ಮೂರು ತೆಗೆದು ಡಬ್ಬದ ತಳಕ್ಕೆ ಹಾಕಿದ. ಒಂದನ್ನು ಯಾಕೆ ಬಿಟ್ಟೆ ಅಂತ ಕೇಳಿದೆ.

"ಅಕ್ಕಂಗೆ ಸರಿಯಾಗಿ 6 ಲೈಫ್ ಇದ್ದಾಗ ಹಾಕಿ ನೋಡ್ಬೇಕು ಮಾವ" ಅಂದ. "ಆಗ ಏನ್ ಹೇಳ್ತಾಳೋ ನೋಡ್ತೀನಿ."